ಅಪ್ಪನ ಹೆಜ್ಜೆಯಲ್ಲಿ ಅಳೆದ ಬ್ರೇಕು

ಕಳೆದ ವರ್ಷ ಜುಲೈನಲ್ಲಿ ಬೈಕನ್ನು ಸರ್ವಿಸ್‌ಗೆ ಬಿಟ್ಟಿದ್ದೆ. ಬೆಂಗಳೂರಿನ ಪದ್ಮನಾಭನಗರದಲ್ಲಿ ನಮ್ಮ ಮನೆ ಹಿಂದಿನ ರಸ್ತೆಯಲ್ಲೇ ಒಂದು ಸಣ್ಣ ಗ್ಯಾರೇಜ್ ಇದೆ. ಸಂಜೆ ಹೋದಾಗ ಮೆಕ್ಯಾನಿಕ್ ಎರಡು ಜೊತೆ ಬ್ರೇಕ್ ಪ್ಯಾಡ್ ತಂದು ನನ್ನ ಅಂಗೈ ಮೇಲಿಟ್ಟರು. ಒಂದು ಜೊತೆ ಸವೆದು ಸವೆದು ಉಗುರಿನಷ್ಟು ತೆಳ್ಳಗಾಗಿತ್ತು. ಇನ್ನೊಂದು ಜೊತೆ ಹೊಸದರ ಹಾಗೇ ಇತ್ತು. ನಡುವಿನ ಗೀರು ಕೂಡ ಆಳವಾಗಿಯೇ ಉಳಿದಿತ್ತು.

‘ಸವೆದಿರೋದು ಹಿಂದಿನ ಚಕ್ರದ್ದು. ಚೆನ್ನಾಗಿರೋದು ಮುಂದಿನದು. ನೀವು ಮುಂದಿನ ಬ್ರೇಕ್ ಹಿಡಿಯೋದೇ ಇಲ್ವಾ ಮೇಡಂ?’ ಅಂದರು.

ಹಿಡಿಯುತ್ತೇನೆ ಅನ್ನೋಣ ಅಂತ ಬಾಯಿವರೆಗೂ ಬಂತು. ಆದರೆ ಅಂಗೈ ಮೇಲೆ ಸಾಕ್ಷಿ ಇತ್ತು. ಒಂದು ವರ್ಷ, ಸುಮಾರು 9,000 ಕಿಲೋಮೀಟರ್. ಅಷ್ಟು ದಿನವೂ ನಾನು ಕಾಲಲ್ಲಿ ಒತ್ತುವ ಹಿಂದಿನ ಬ್ರೇಕಿನಿಂದಲೇ ಗಾಡಿ ನಿಲ್ಲಿಸಿದ್ದೆ.

ನನಗೆ ಬೇಜಾರಾಗಿದ್ದು ಯಾಕೆಂದರೆ, ಇದು ನನಗೆ ಗೊತ್ತಿಲ್ಲದ ವಿಷಯ ಆಗಿರಲಿಲ್ಲ. ಎರಡು ವರ್ಷದ ಹಿಂದೆ, 36ನೇ ವಯಸ್ಸಿನಲ್ಲಿ, ಊರ ಹೊರಗಿನ ಒಂದು ಮೈದಾನದಲ್ಲಿ ನಾಲ್ಕು ದಿನದ ಬೈಕ್ ತರಬೇತಿ ಮುಗಿಸಿದ್ದೆ. ಎರಡು ಶನಿವಾರ, ಎರಡು ಭಾನುವಾರ. ಕ್ಲಚ್ ಎಲ್ಲಿ ಕಚ್ಚುತ್ತದೆ ಅಂತ ಕಂಡುಕೊಳ್ಳುವುದು, ಕೋನ್‌ಗಳ ನಡುವೆ ಹಾಯುವುದು, ಎಂಟು ಹಾಕುವುದು, 30ರ ವೇಗದಿಂದ ನಿಲ್ಲಿಸುವುದು. ಮುಂದಿನ ಬ್ರೇಕೇ ಮುಖ್ಯ, ಹಿಂದಿನದು ಜೊತೆಗಿರುವುದು ಅಂತ ಕಲಿಸಿದವರು ಹತ್ತು ಸಲವಾದರೂ ಹೇಳಿದ್ದರು. ಕೊನೆಯ ದಿನ ನಾನು ಚೆನ್ನಾಗಿಯೇ ನಿಲ್ಲಿಸಿದ್ದೆ. ಆಮೇಲೆ ಲೈಸೆನ್ಸ್ ಬಂತು, ಬೈಕ್ ಬಂತು, ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಓಡಾಟ ಶುರುವಾಯಿತು. ದಿನಾ ಓಡಿಸುತ್ತಿದ್ದೇನಲ್ಲ, ಇದೇ ಅಭ್ಯಾಸ ಅಂದುಕೊಂಡೆ.

ಪ್ಯಾಡ್ ನೋಡುವುದಕ್ಕೆ ಮೂರು ವಾರ ಮುಂಚೆ ಬೊಮ್ಮನಹಳ್ಳಿ ಹತ್ತಿರ ಒಂದು ಘಟನೆ ಆಗಿತ್ತು. ಹೊಸೂರು ರಸ್ತೆಯ ಎಲಿವೇಟೆಡ್ ಸೇತುವೆ ಹತ್ತದೆ ನಾನು ಕೆಳಗಿನ ರಸ್ತೆಯಲ್ಲೇ ಹೋಗುವುದು. ಬೆಳಿಗ್ಗೆ ಎಂಟೂವರೆ, ವೇಗ 40ರ ಆಸುಪಾಸು. ಮುಂದಿದ್ದ ಆಟೋ ಕೈ ಎತ್ತಿದ ಒಬ್ಬರನ್ನು ನೋಡಿ ಇದ್ದಕ್ಕಿದ್ದಂತೆ ಎಡಕ್ಕೆಳೆದು ನಿಂತಿತು. ನನ್ನ ಬಲಗಾಲು ಪೆಡಲನ್ನು ಪೂರ್ತಿ ತುಳಿಯಿತು. ಹಿಂದಿನ ಚಕ್ರ ಲಾಕ್ ಆಗಿ ಸರ್ರನೆ ಪಕ್ಕಕ್ಕೆ ಜಾರಿತು. ಗಾಡಿ ಓರೆಯಾಗಿ ನಿಂತಾಗ ಆಟೋಗೂ ನನಗೂ ನಡುವೆ ಒಂದು ಗೇಣು ಇತ್ತು. ಆ ಹೊತ್ತಿನಲ್ಲಿ ನನ್ನ ಬಲಗೈ ಏನು ಮಾಡುತ್ತಿತ್ತು ಅಂತ ಆಮೇಲೆ ಎಷ್ಟೋ ಸಲ ನೆನಪು ಮಾಡಿಕೊಂಡೆ. ಹ್ಯಾಂಡಲ್ ಗಟ್ಟಿಯಾಗಿ ಹಿಡಿದಿತ್ತು, ಅಷ್ಟೇ. ಮುಂದಿನ ಬ್ರೇಕಿನ ಲಿವರ್ ಕಡೆಗೆ ಒಂದು ಬೆರಳೂ ಹೋಗಿರಲಿಲ್ಲ.

ನನ್ನದು 160 ಸಿಸಿ ಗಾಡಿ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕ್‌ಗಳಿಗೆಲ್ಲ ಎಬಿಎಸ್ ಕಡ್ಡಾಯ. ಆದರೆ ನನ್ನ ಗಾಡಿಯಂಥವುಗಳಲ್ಲಿ ಹೆಚ್ಚಾಗಿ ಇರುವುದು ಸಿಂಗಲ್ ಚಾನೆಲ್ ಎಬಿಎಸ್. ಅಂದರೆ ಮುಂದಿನ ಚಕ್ರಕ್ಕೆ ಮಾತ್ರ. ಲಾಕ್ ಆಗದ ಹಾಗೆ ಕಾಯುವ ವ್ಯವಸ್ಥೆ ಯಾವ ಚಕ್ರಕ್ಕಿತ್ತೋ ಆ ಬ್ರೇಕನ್ನು ನಾನು ಮುಟ್ಟಲಿಲ್ಲ. ಯಾವುದಕ್ಕಿರಲಿಲ್ಲವೋ ಅದನ್ನೇ ತುಳಿದಿದ್ದೆ.

ಗ್ಯಾರೇಜಿನಿಂದ ಬಂದ ರಾತ್ರಿ ಹುಡುಕಿ ಓದುತ್ತಾ ಕೂತೆ. 1981ರಲ್ಲಿ ಪ್ರಕಟವಾದ ಹರ್ಟ್ ವರದಿಯ ಬಗ್ಗೆ ತಿಳಿಯಿತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡದವರು ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ 900ಕ್ಕೂ ಹೆಚ್ಚು ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ನೋಡಿದ್ದರು. ಅವರು ಬರೆದಿದ್ದು ನನ್ನ ಕಥೆಯೇ. ಹೆಚ್ಚಿನ ಸವಾರರು ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ ಜಾರಿದ್ದರು, ಮುಂದಿನದನ್ನು ಸಾಕಷ್ಟು ಬಳಸಿರಲಿಲ್ಲ. ಅಪಾಯ ಕಂಡಮೇಲೆ ಅವರಿಗೆ ಸಿಕ್ಕ ಸಮಯ ಸಾಮಾನ್ಯವಾಗಿ ಎರಡು ಸೆಕೆಂಡ್ ಕೂಡ ಇರಲಿಲ್ಲ. ಇನ್ನೊಂದು ಮಾತು ನನ್ನನ್ನು ಜಾಸ್ತಿ ಕಾಡಿತು. ಆ ಸವಾರರಿಗೆ ರಸ್ತೆಯ ಅನುಭವ ಸುಮಾರು ಮೂರು ವರ್ಷದ್ದಿತ್ತು. ಆದರೆ ಅರ್ಧಕ್ಕಿಂತ ಹೆಚ್ಚು ಜನ ಅಪಘಾತಕ್ಕೆ ಸಿಕ್ಕ ಬೈಕನ್ನು ಓಡಿಸಲು ಶುರುಮಾಡಿ ಐದು ತಿಂಗಳೂ ಆಗಿರಲಿಲ್ಲ.

ಎರಡು ಸೆಕೆಂಡಿನಲ್ಲಿ ಯೋಚನೆ ಮಾಡಲು ಆಗುವುದಿಲ್ಲ. ಕೈಕಾಲಿಗೆ ಏನು ರೂಢಿಯೋ ಅದೇ ನಡೆಯುತ್ತದೆ. ನಮ್ಮೂರಿನ ಟ್ರಾಫಿಕ್ ರೂಢಿ ಮಾಡಿಸುವುದು ಏನನ್ನು? ಸಿಲ್ಕ್ ಬೋರ್ಡ್‌ನಲ್ಲಿ ಹತ್ತರ ವೇಗದಲ್ಲಿ ತೆವಳುವಾಗ ಕಾಲಿನ ಬ್ರೇಕ್ ಸಾಕು. ಬಲಗೈ ಆಕ್ಸಿಲರೇಟರ್ ಹಿಡಿದು ಬ್ಯುಸಿ ಇರುತ್ತದೆ. ದಿನಕ್ಕೆ ಇನ್ನೂರು ಸಲ ಕಾಲು ಬ್ರೇಕ್ ಒತ್ತುತ್ತದೆ, ಬೆರಳು ಸುಮ್ನೆ ಇರುತ್ತದೆ. ವರ್ಷ ಕಳೆಯುವಷ್ಟರಲ್ಲಿ ಕಾಲು ಪಳಗಿರುತ್ತದೆ, ಬೆರಳು ಮರೆತಿರುತ್ತದೆ. ನಾಲ್ಕು ದಿನ ಮೈದಾನದಲ್ಲಿ ಕಲಿತಿದ್ದನ್ನು ಇಷ್ಟು ಸಾವಿರ ಕಿಲೋಮೀಟರ್ ಸದ್ದಿಲ್ಲದೆ ಅಳಿಸಿಹಾಕಿತ್ತು. ಗಾಡಿ ಓಡಿಸುವುದು ಬೇರೆ, ಅಭ್ಯಾಸ ಮಾಡುವುದು ಬೇರೆ ಅಂತ ನನಗೆ ಅರ್ಥವಾಗಲು ಆ ಎರಡು ಜೊತೆ ಪ್ಯಾಡ್ ಬೇಕಾಯಿತು.

ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಈಗ 71. ಒಂದು ಕಾಲದಲ್ಲಿ ಯೆಜ್ಡಿ ಇಟ್ಟಿದ್ದವರು. ಮೈಸೂರಿನಲ್ಲೇ ತಯಾರಾಗುತ್ತಿದ್ದ ಗಾಡಿ ಅದು. ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್ ಕೂಡ. ಚಿಕ್ಕವಳಿದ್ದಾಗ ಆ ಲಿವರ್ ಮೇಲೆದ್ದು ಕೆಳಗಿಳಿಯುವುದನ್ನು ನೋಡುವುದೇ ನನಗೆ ಆಟ. ಅದರ ಬ್ರೇಕ್ ಡ್ರಮ್ ಬ್ರೇಕ್, ಟೂ ಸ್ಟ್ರೋಕ್ ಆದ್ದರಿಂದ ಎಂಜಿನ್ ಕೂಡ ಗಾಡಿಯನ್ನು ಅಷ್ಟಾಗಿ ತಡೆಯುತ್ತಿರಲಿಲ್ಲ. ‘ನಮಗೆ ಬ್ರೇಕ್ ಮೇಲೆ ಭರವಸೆ ಇರ್ಲಿಲ್ಲ ಪುಟ್ಟಾ. ಅದಕ್ಕೆ ಆಕ್ಸಿಲರೇಟರ್ ಬೇಗ ಬಿಡ್ತಿದ್ವಿ. ನಿಂದು ಒಳ್ಳೇ ಬ್ರೇಕು. ಅದನ್ನ ಹಿಡಿಯೋದು ಕಲಿ. ಭಾನುವಾರ ನಾನೂ ಬರ್ತೀನಿ’ ಅಂದರು.

ಹಾಗೆ ಶುರುವಾಯಿತು. ಬನಶಂಕರಿ 6ನೇ ಹಂತದಲ್ಲಿ, ತುರಹಳ್ಳಿ ಕಾಡಿನ ಕಡೆ, ಸೈಟುಗಳಿದ್ದರೂ ಇನ್ನೂ ಮನೆ ಏಳದ ರಸ್ತೆಗಳಿವೆ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಅಲ್ಲಿ ವಾಕಿಂಗ್‌ನವರು ಒಬ್ಬಿಬ್ಬರು, ಮಲಗಿರುವ ನಾಯಿಗಳು, ದೂರದಲ್ಲಿ ನವಿಲಿನ ಕೂಗು. ಮೊದಲು ರಸ್ತೆಯನ್ನು ನಡೆದು ನೋಡುತ್ತೇವೆ. ಜಲ್ಲಿ ಇದ್ದರೆ ಕಾಲಲ್ಲಿ ಸರಿಸುತ್ತೇವೆ. ಅಮ್ಮನ ಡಬ್ಬದಿಂದ ತಂದ ರಂಗೋಲಿ ಪುಡಿಯಲ್ಲಿ ಅಪ್ಪ ರಸ್ತೆ ಅಂಚಿಗೆ ಒಂದು ಗೆರೆ ಎಳೆಯುತ್ತಾರೆ. ಆ ಗೆರೆಯ ನೇರಕ್ಕೆ ಬಂದಾಗ ನಾನು ಬ್ರೇಕ್ ಹಿಡಿಯಬೇಕು. ನಾನು ನಿಂತ ಜಾಗದವರೆಗೆ ಅಪ್ಪ ಹೆಜ್ಜೆ ಹಾಕಿ ಅಳೆಯುತ್ತಾರೆ. ಹೆಲ್ಮೆಟ್, ಗ್ಲೌಸ್, ಜಾಕೆಟ್, ಶೂ ಎಲ್ಲ ಹಾಕಿಕೊಂಡೇ ಇದನ್ನು ಮಾಡುವುದು. ಹಿಂದೆ ಯಾರೂ ಬರುತ್ತಿಲ್ಲ ಅಂತ ಪ್ರತಿ ಸಲ ಕನ್ನಡಿ ನೋಡಿಯೇ ಮಾಡುವುದು.

ಮೊದಲ ಭಾನುವಾರ 40ರಿಂದ ನಿಲ್ಲಲು ಅಪ್ಪನ 27 ಹೆಜ್ಜೆ ಬೇಕಾಯಿತು.

ಬೆರಳು ಏನು ಮಾಡಬೇಕು ಅಂತ ಬಾಯಲ್ಲಿ ಹೇಳುವುದು ಸುಲಭ. ಲಿವರ್ ಮೇಲೆ ಎರಡು ಬೆರಳು. ಮೊದಲು ಮೆತ್ತಗೆ. ಆಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಕುಗ್ಗುತ್ತದೆ, ಮುಂದಿನ ಟೈರ್ ರಸ್ತೆಗೆ ಒತ್ತಿ ಕೂರುತ್ತದೆ. ಟೈರ್ ರಸ್ತೆಯನ್ನು ಮುಟ್ಟುವುದು ಹೆಚ್ಚುಕಡಿಮೆ ಒಂದು ಅಂಗೈ ಅಗಲ ಮಾತ್ರ. ಭಾರ ಬಂದು ಕೂರುವುದಕ್ಕೆ ಮುಂಚೆಯೇ ಗಬಕ್ಕನೆ ಹಿಡಿದರೆ ಆ ಅಂಗೈ ಅಗಲದ ಹಿಡಿತ ತಪ್ಪುತ್ತದೆ. ಭಾರ ಕೂತಮೇಲೆ ಒತ್ತುವ ಬಲ ಹೆಚ್ಚಿಸುತ್ತಾ ಹೋಗಬಹುದು. ನಿಂಬೆಹಣ್ಣು ಹಿಂಡುತ್ತೇವಲ್ಲ, ಹಾಗೆ. ಮೊದಲು ಸಿಪ್ಪೆ ಮೆತ್ತಗಾಗಬೇಕು, ಆಮೇಲೆ ಬಲ. ಭಾರವೆಲ್ಲ ಮುಂದೆ ಬಂದಾಗ ಹಿಂದಿನ ಚಕ್ರ ಹಗುರಾಗಿರುತ್ತದೆ. ಅದಕ್ಕೇ ಅದು ಬೇಗ ಜಾರುತ್ತದೆ. ಕಾಲು ಆ ಹೊತ್ತಿಗೆ ತುಳಿತ ಸಡಿಲಿಸಬೇಕು. ಇದೆಲ್ಲ ನಡೆಯುವುದು ಒಂದೂವರೆ ಸೆಕೆಂಡಿನಲ್ಲಿ.

ನನ್ನ ಕಷ್ಟ ಏನಾಗಿತ್ತೆಂದರೆ ಕಣ್ಣು. ಬ್ರೇಕ್ ಹಿಡಿದ ಕೂಡಲೇ ಕಣ್ಣು ಮುಂದಿನ ಚಕ್ರದ ಮೇಲೆ ಬೀಳುತ್ತಿತ್ತು. ಕಣ್ಣು ಕೆಳಗಿಳಿದರೆ ತಲೆ ಇಳಿಯುತ್ತದೆ, ತಲೆ ಇಳಿದರೆ ಮೈಭಾರವೆಲ್ಲ ತೋಳಿನ ಮೇಲೆ ಬೀಳುತ್ತದೆ, ತೋಳು ಬಿಗಿಯಾದರೆ ಬೆರಳಿನ ನಾಜೂಕು ಹೋಗುತ್ತದೆ. ಐದನೇ ಭಾನುವಾರ ಇದು ಹೊಳೆಯಿತು. ಅಪ್ಪನನ್ನು ರಸ್ತೆಯ ತುದಿಯಲ್ಲಿ, ಪಕ್ಕಕ್ಕೆ ಒಂದು ಕಲ್ಲಿನ ಮೇಲೆ ಕೂರಿಸಿ ಅವರ ಬಿಳಿ ಟೋಪಿಯನ್ನೇ ನೋಡುತ್ತಾ ನಿಲ್ಲಿಸಿದೆ. ಮಂಡಿಯಲ್ಲಿ ಟ್ಯಾಂಕ್ ಅವುಚಿಕೊಂಡೆ, ತೋಳು ಸಡಿಲ ಬಿಟ್ಟೆ. ಆವತ್ತು 20 ಹೆಜ್ಜೆ. ಅಕ್ಟೋಬರ್ ಕೊನೆಗೆ 17ಕ್ಕೆ ಬಂತು. ಆಮೇಲೆ ಅಲ್ಲೇ ನಿಂತಿದೆ. ಈಗ ನಾನು ಹೆಜ್ಜೆ ಕಮ್ಮಿ ಮಾಡಲು ಹೋಗುವುದಿಲ್ಲ. ಹತ್ತು ಸಲಕ್ಕೆ ಹತ್ತು ಸಲವೂ 17 ಬರಬೇಕು, ಅದು ಮುಖ್ಯ.

ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್. ಅಪಾಯ ಕಂಡು ಕೈ ಚಲಿಸುವುದಕ್ಕೆ ಒಂದು ಸೆಕೆಂಡ್ ಹಿಡಿದರೆ, ಹೆಚ್ಚುಕಡಿಮೆ ಒಂದು ಬಿಎಂಟಿಸಿ ಬಸ್ಸಿನ ಉದ್ದ ದಾಟಿರುತ್ತೇವೆ. ಬ್ರೇಕ್ ಶುರುವಾಗುವುದು ಆಮೇಲೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದಮೇಲೆ ನಿಲ್ಲುವ ದೂರ ನಾಲ್ಕು ಪಟ್ಟು. ಈ ಲೆಕ್ಕವನ್ನು ಹೈಸ್ಕೂಲಲ್ಲಿ ಓದಿದ್ದೆ. ಅಪ್ಪ ಹೆಜ್ಜೆ ಎಣಿಸುತ್ತಾ ನಡೆದು ಬಂದು, 20ರಿಂದ ನಿಂತಾಗ ನಾಲ್ಕೂವರೆ, 40ರಿಂದ ನಿಂತಾಗ 17 ಅಂದಾಗ ಅದು ಮೈಗೆ ಹತ್ತಿತು.

ಬ್ರೇಕಿನ ಬಗ್ಗೆ ಇಷ್ಟು ಬರೆದೆ, ಯಾಕೆಂದರೆ ನನಗೆ ಬೇಕಾಗಿದ್ದು ಅದು. ನಿಮಗೆ ಬೇರೆ ಏನೋ ಇರಬಹುದು. ಜಯನಗರದ ನನ್ನ ಗೆಳತಿಗೆ ಕಷ್ಟ ಅನ್ನಿಸುವುದು ಯು ಟರ್ನ್. ನನಗೂ ಅದು ಇನ್ನೂ ಪೂರ್ತಿ ಒಲಿದಿಲ್ಲ. ನಮ್ಮ ಕ್ರಾಸ್ ರಸ್ತೆಗಳಲ್ಲಿ ಎರಡೂ ಕಡೆ ಕಾರು ನಿಂತಿರುತ್ತವೆ, ಉಳಿದ ಜಾಗದಲ್ಲಿ ಕಾಲೂರದೆ ಬಲಕ್ಕೆ ತಿರುಗಿಸಬೇಕು. ಬಲಕ್ಕೆ ಪೂರ್ತಿ ತಿರುಗಿಸಿದರೆ ಆಕ್ಸಿಲರೇಟರ್ ಹಿಡಿದ ಕೈ ಹೊಟ್ಟೆಗೆ ಹತ್ತಿರ ಬರುತ್ತದೆ, ಮಣಿಕಟ್ಟು ಮಡಚುತ್ತದೆ, ಗಾಡಿ ಜಗ್ಗುತ್ತದೆ. ಹಾಗಾಗಿ ಆಕ್ಸಿಲರೇಟರನ್ನು ಒಂದೇ ಸಮ ಇಟ್ಟು, ಹಾಫ್ ಕ್ಲಚ್‌ನಲ್ಲಿ ವೇಗ ಹಿಡಿದಿಟ್ಟು, ಹಿಂದಿನ ಬ್ರೇಕನ್ನು ಚೂರೇ ತಾಗಿಸಿಕೊಂಡು ತಿರುಗಬೇಕು. ಇಲ್ಲಿ ಮುಂದಿನ ಬ್ರೇಕ್ ಮುಟ್ಟಬಾರದು. ಹ್ಯಾಂಡಲ್ ತಿರುಗಿರುವಾಗ, ನಿಧಾನದಲ್ಲಿ, ಮುಂದಿನ ಬ್ರೇಕ್ ಹಿಡಿದರೆ ಗಾಡಿ ಅಲ್ಲೇ ಬೀಳುತ್ತದೆ. ತಿಂಗಳುಗಟ್ಟಲೆ ಮುಂದಿನ ಬ್ರೇಕ್ ಅಂತ ಜಪಿಸಿದ ಕೈಗೆ ಈಗ ಬೇಡ ಅಂತಲೂ ಕಲಿಸಬೇಕು. ಗದ್ದ ಬಲಭುಜದ ಮೇಲೆ ಬರುವ ಹಾಗೆ ತಲೆ ತಿರುಗಿಸಿ, ಹೋಗಬೇಕಾದ ಕಡೆಯನ್ನೇ ನೋಡಬೇಕು. ಕಣ್ಣು ನಿಂತಿರುವ ಕಾರಿನ ಮೇಲೆ ಬಿದ್ದರೆ ಗಾಡಿ ಅಲ್ಲಿಗೇ ಹೋಗುತ್ತದೆ.

ಇನ್ನೊಂದು ಇದೆ, ಇದನ್ನು ನಂಬಲು ನನಗೆ ಸಮಯ ಹಿಡಿಯಿತು. ಸ್ವಲ್ಪ ವೇಗದಲ್ಲಿರುವಾಗ ಬಲಕ್ಕೆ ಹೋಗಬೇಕಾದರೆ ಬಲಗಡೆಯ ಹ್ಯಾಂಡಲನ್ನು ಮುಂದಕ್ಕೆ ತಳ್ಳಬೇಕು. ಚಕ್ರ ಒಂದು ಕ್ಷಣ ಎಡಕ್ಕೆ ತಿರುಗುತ್ತದೆ, ಗಾಡಿ ಬಲಕ್ಕೆ ವಾಲುತ್ತದೆ, ಬಲಕ್ಕೆ ಹೋಗುತ್ತದೆ. ಇದನ್ನು ಕೌಂಟರ್ ಸ್ಟೀರಿಂಗ್ ಅನ್ನುತ್ತಾರೆ. ವಿಮಾನ ಹಾರಿಸಿದ ವಿಲ್ಬರ್ ರೈಟ್ ಸೈಕಲ್ ಅಂಗಡಿ ಇಟ್ಟಿದ್ದವರು. ಎಡಕ್ಕೆ ತಿರುಗಲು ಏನು ಮಾಡುತ್ತೀರಿ ಅಂತ ಅವರು ಎಷ್ಟೋ ಸೈಕಲ್ ಸವಾರರನ್ನು ಕೇಳಿದ್ದರಂತೆ, ಯಾರೂ ಮೊದಲ ಸಲಕ್ಕೆ ಸರಿಯಾಗಿ ಹೇಳಲಿಲ್ಲವಂತೆ. ಸೈಕಲ್ ಬರುವ ಎಲ್ಲರ ಕೈಯೂ ಗೊತ್ತಿಲ್ಲದೆಯೇ ಇದನ್ನು ಮಾಡುತ್ತದೆ. ಆದರೆ ಮುಂದೆ ಇದ್ದಕ್ಕಿದ್ದಂತೆ ಗುಂಡಿ ಕಂಡಾಗ ಅದು ಬೇಕೆಂದ ಹೊತ್ತಿಗೆ ಬರಬೇಕಲ್ವಾ? ಹರ್ಟ್ ವರದಿ ಹೇಳುವ ಪ್ರಕಾರ ಆ ಅಪಘಾತಗಳಲ್ಲಿ ಸವಾರರಿಗೆ ಹೀಗೆ ತಳ್ಳಿ ತಪ್ಪಿಸಿಕೊಳ್ಳುವುದು ಬಹುತೇಕ ಬಂದೇ ಇರಲಿಲ್ಲ. ನಾನು ರಸ್ತೆ ಮೇಲೆ ಅಪ್ಪನ ಹಳೇ ಕರವಸ್ತ್ರ ಹಾಕಿ, ಅದನ್ನೇ ಗುಂಡಿ ಅಂದುಕೊಂಡು ತಪ್ಪಿಸುತ್ತೇನೆ. ತಳ್ಳು, ಬಿಡು, ಮತ್ತೆ ನೇರ.

ಹಂಪ್‌ಗಳ ವಿಷಯ ಚಿಕ್ಕದು. ಹಂಪಿಗೆ ಮುಂಚೆ ಬ್ರೇಕ್, ಹಂಪಿನ ಮೇಲೆ ಬ್ರೇಕ್ ಬಿಟ್ಟಿರಬೇಕು, ಸೀಟಿನಿಂದ ಸ್ವಲ್ಪ ಎದ್ದಿರಬೇಕು. ಬ್ರೇಕ್ ಹಿಡಿದೇ ಹತ್ತಿದರೆ ಕುಗ್ಗಿರುವ ಫೋರ್ಕ್‌ಗೆ ಇನ್ನಷ್ಟು ಕುಗ್ಗಲು ಜಾಗ ಇರುವುದಿಲ್ಲ, ಆ ಏಟೆಲ್ಲ ಬೆನ್ನಿಗೆ ಬರುತ್ತದೆ.

ಕೈಕಾಲಿನ ಅಭ್ಯಾಸ ಭಾನುವಾರ ಆದರೆ, ಕಣ್ಣಿನ ಅಭ್ಯಾಸ ವಾರದ ದಿನಗಳಲ್ಲಿ. ಇದಕ್ಕೆ ಬೆಂಗಳೂರಿಗಿಂತ ಒಳ್ಳೇ ಶಾಲೆ ಸಿಗಲಿಕ್ಕಿಲ್ಲ. ಬೊಮ್ಮನಹಳ್ಳಿಯ ಆ ಆಟೋ ಇದ್ದಕ್ಕಿದ್ದಂತೆ ನಿಂತಿತು ಅಂತ ಮೇಲೆ ಬರೆದೆ. ಅದು ಪೂರ್ತಿ ನಿಜವಲ್ಲ. ಆಟೋ ಖಾಲಿ ಇದ್ದರೆ ಡ್ರೈವರ್ ತಲೆ ಎಡಕ್ಕೆ ಬಾಗಿರುತ್ತದೆ, ಕಣ್ಣು ಫುಟ್‌ಪಾತ್ ಮೇಲಿರುತ್ತದೆ. ಅಂಥ ಆಟೋ ಯಾವ ಕ್ಷಣದಲ್ಲಾದರೂ ನಿಲ್ಲುತ್ತದೆ. ಹಿಂದಿನ ಗಾಜಿನಿಂದ ಆ ತಲೆ ಕಾಣುತ್ತದೆ. ಆವತ್ತೂ ಕಂಡಿರಬೇಕು, ನಾನು ನೋಡಿರಲಿಲ್ಲ. ಈಗ ಅಂಥ ತಲೆ ಕಂಡ ಕೂಡಲೇ ನನ್ನ ಎರಡು ಬೆರಳು ತಾವಾಗಿಯೇ ಲಿವರ್ ಮೇಲೆ ಬರುತ್ತವೆ. ಪಕ್ಕದ ರಸ್ತೆಯಿಂದ ಮೂಗು ತೂರಿಸಿ ನಿಂತಿರುವ ಕಾರಿನಲ್ಲಿ ಡ್ರೈವರ್ ಮುಖ ನೋಡುವುದಿಲ್ಲ, ಮುಂದಿನ ಚಕ್ರ ನೋಡುತ್ತೇನೆ. ಆತ ನನ್ನ ಕಡೆ ನೋಡುತ್ತಿದ್ದರೂ ನಾನು ಕಂಡಿರಲಿಕ್ಕಿಲ್ಲ. ಚಕ್ರ ಉರುಳಿತೋ ಇಲ್ಲವೋ ಅನ್ನುವುದು ಮಾತ್ರ ನಂಬುವಂಥದ್ದು. ಸಿಗ್ನಲ್‌ನಲ್ಲಿ ನಿಂತ ಬಸ್ಸಿನ ಎಡಗಡೆಯಿಂದ ನುಗ್ಗುವುದನ್ನು ಪೂರ್ತಿ ಬಿಟ್ಟಿದ್ದೇನೆ. ಸ್ಟಾಪ್ ಬರುವ ಮುಂಚೆಯೇ ಇಳಿಯುವ ಜನ ನಮ್ಮಲ್ಲಿ ಎಷ್ಟಿದ್ದಾರೆ ಅಂತ ನಿಮಗೂ ಗೊತ್ತು. ಇಳಿಯುವವರು ಹಿಂದೆ ತಿರುಗಿ ನೋಡುವುದಿಲ್ಲ.

ಮಾರ್ಚ್ ಏಪ್ರಿಲ್‌ನಲ್ಲಿ ಬಸವನಗುಡಿ, ಜಯನಗರದ ಕಡೆ ಹೊಂಗೆ ಮರ ಹೂ ಉದುರಿಸುತ್ತದೆ. ರಸ್ತೆ ಅಂಚಿಗೆ ಬಿಳಿ, ತಿಳಿಗುಲಾಬಿ ಹಾಸು. ನೋಡಲು ಎಷ್ಟು ಚೆಂದ! ಮೊದಲ ಮಳೆಹನಿ ಬಿದ್ದರೆ ಅದೇ ಹಾಸು ಸೋಪಿನ ಹಾಗೆ. ತಿಂಗಳಾನುಗಟ್ಟಲೆ ರಸ್ತೆಗೆ ಇಳಿದ ಎಣ್ಣೆಯೂ ಆ ಮೊದಲ ಮಳೆಯಲ್ಲೇ ಮೇಲೆ ಬರುತ್ತದೆ. ಝೀಬ್ರಾ ಪಟ್ಟೆಯ ಬಿಳಿ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ, ಕಾಮಗಾರಿಯವರು ಹಾಸಿದ ಕಬ್ಬಿಣದ ಹಲಗೆ, ಇವುಗಳ ಮೇಲೆ ವಾಲಿಸಬಾರದು, ಬ್ರೇಕ್ ಹಿಡಿಯಬಾರದು. ನೇರವಾಗಿ ದಾಟಬೇಕು.

ಆಫೀಸಿನಲ್ಲಿ ಕೆಲವರು ಕೇಳುತ್ತಾರೆ, ಹಳದಿ ಮೆಟ್ರೋ ಬಂದಿದೆಯಲ್ಲ, ಯಾಕಿಷ್ಟು ಕಷ್ಟ ಅಂತ. ಮೆಟ್ರೋದಲ್ಲೂ ಹೋಗುತ್ತೇನೆ. ನಿದ್ದೆ ಸಾಲದ ದಿನ, ಮನಸ್ಸು ಸರಿಯಿಲ್ಲದ ದಿನ ಬೈಕ್ ತೆಗೆಯುವುದಿಲ್ಲ. ಅದೂ ಈ ಒಂದು ವರ್ಷದಲ್ಲಿ ಕಲಿತಿದ್ದೇ. ಆದರೆ ಬೈಕ್ ಓಡಿಸುವುದು ನನಗೆ ಇಷ್ಟ. ಇಷ್ಟವಾದದ್ದನ್ನು ಚೆನ್ನಾಗಿ ಮಾಡಬೇಕು ಅನ್ನಿಸುತ್ತದೆ.

ಮುಂದೇನು ಅಂತ ಯೋಚನೆ ಇದೆ. ಮರುಭೂಮಿ, ಮಣ್ಣುದಾರಿಗಳಲ್ಲಿ ನಡೆಯುವ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ನಮ್ಮ ಬೆಂಗಳೂರಿನವರು, 2015ರಲ್ಲಿ ಮುಗಿಸಿದ್ದು. ಅವರು ಕೋಲಾರದ ಕಡೆ ಮಣ್ಣಿನ ಟ್ರ್ಯಾಕ್ ಮಾಡಿ ತರಬೇತಿ ಶುರುಮಾಡಿದರು. 2019ರಲ್ಲಿ ಕಚ್ಚಾ ದಾರಿ ರೇಸುಗಳ ಬಾಹಾ ವಿಶ್ವಕಪ್‌ನ ಮಹಿಳೆಯರ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ ಕೂಡ ಇದೇ ಊರಿನ ಹುಡುಗಿ. ನನಗೆ ರೇಸ್ ಬೇಕಾಗಿಲ್ಲ. ಆದರೆ ಮಣ್ಣಿನಲ್ಲಿ ಕಲಿಯಬೇಕು ಅಂತ ಆಸೆ. ಮಣ್ಣಿನಲ್ಲಿ ಹಿಂದಿನ ಚಕ್ರ ಕಮ್ಮಿ ವೇಗದಲ್ಲೇ ಜಾರುತ್ತದೆ. ಜಾರುವುದು ಅಂದರೆ ಹೇಗಿರುತ್ತದೆ ಅಂತ ಮೈಗೆ ಗೊತ್ತಾಗುತ್ತದೆ. ಬೊಮ್ಮನಹಳ್ಳಿಯಲ್ಲಿ ನನ್ನನ್ನು ಕಲ್ಲಾಗಿಸಿದ್ದು ಆ ಅಪರಿಚಿತ ಭಾವನೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲೂ ಸಾಮಾನ್ಯ ಸವಾರರಿಗೆ ತರಬೇತಿ ನಡೆಯುತ್ತದೆ. ಅದಕ್ಕೆ ದುಡ್ಡು ಕೂಡಿಡಬೇಕು. ಇಂಥ ತರಬೇತಿಗೆ ಹೋಗಲು ಆಗುವವರು ಖಂಡಿತ ಹೋಗಿ. ಹೋಗಿ ಬಂದಮೇಲಿನ ಭಾನುವಾರಗಳನ್ನು ಮಾತ್ರ ಬಿಡಬೇಡಿ.

ಕಳೆದ ಭಾನುವಾರ ಆರು ಗಂಟೆಗೆ ಸಣ್ಣಗೆ ಜಿನುಗುತ್ತಿತ್ತು. ಇವತ್ತು ಬೇಡ ಅಂದೆ. ಅಪ್ಪ ಆಗಲೇ ಕೊಡೆ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. ‘ಮಳೇಲಿ ಆಫೀಸಿಗೆ ಹೋಗಲ್ವಾ?’ ಅಂದರು. ಹೋಗುತ್ತೇನೆ. ಆದರೆ ಒದ್ದೆ ರಸ್ತೆಯಲ್ಲಿ ಒಂದು ಸಲವೂ ಅಭ್ಯಾಸ ಮಾಡಿರಲಿಲ್ಲ.

ರಂಗೋಲಿ ಗೆರೆ ನಿಲ್ಲಲಿಲ್ಲ, ಎಳೆದಷ್ಟೂ ನೀರಲ್ಲಿ ಕರಗಿತು. ಕೊನೆಗೆ ಅಪ್ಪ ರಸ್ತೆಯಂಚಿಗೆ ಒಂದು ಇಟ್ಟಿಗೆ ಇಟ್ಟರು. ಮೊದಲು 20ರಲ್ಲಿ ಮಾಡಿದೆ, ಆಮೇಲೆ 30ರಲ್ಲಿ. ಬೆರಳು ಇನ್ನೂ ಮೆತ್ತಗೆ ಶುರುಮಾಡಬೇಕು ಅಂತ ಗೊತ್ತಾಯಿತು. ನಿಂಬೆಹಣ್ಣಲ್ಲ, ಹಣ್ಣಾದ ಟೊಮೆಟೊ. ಹೆಲ್ಮೆಟ್ಟಿನ ಗಾಜಿನ ಮೇಲೆ ಹನಿ ಕೂತು ಅಪ್ಪನ ಟೋಪಿ ಮಸುಕಾಗಿ ಕಾಣುತ್ತಿತ್ತು. ಹನ್ನೊಂದನೇ ಸಲಕ್ಕೆ 40ರಲ್ಲಿ ಬಂದೆ. ಇಟ್ಟಿಗೆ ದಾಟುವಾಗ ಹಿಡಿದೆ. ಗಾಡಿ ಓರೆಯಾಗದೆ ನೇರ ನಿಂತಿತು.

ಅಪ್ಪ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಪಂಚೆ ಎತ್ತಿ ಹಿಡಿದುಕೊಂಡು ನೀರು ತಪ್ಪಿಸುತ್ತಾ ಎಣಿಸಿಕೊಂಡು ಬಂದರು. 22.

‘ಇನ್ನೊಂದ್ಸಲ’ ಅಂದು, ಇಟ್ಟಿಗೆಯ ಕಡೆಗೆ ತಿರುಗಿ ನಡೆದರು.